ಇಸ್ಸಪ್ಪನ ಆರೈಕೆ

ಹೆತ್ತವರು ಇಟ್ಟ ಹೆಸರು ಅವನಿಗೆ ಬೇರೆಯೇ ಇತ್ತು. ಆದರೆ ಲಾಂಡ್ರಿಯಲ್ಲಿ, ಬೀದಿಯಲ್ಲಿ, ಕೊನೆಗೆ ಹೆಂಡತಿಯ ತವರಿನಲ್ಲೂ ಅವನು ಇಸ್ಸಪ್ಪನೇ ಆಗಿಬಿಟ್ಟಿದ್ದ. ಏನು ಕಂಡರೂ ಮೂಗು ಹಿಡಿದು ‘ಇಸ್ಸಿ’ ಎನ್ನುತ್ತಿದ್ದುದರಿಂದ ಅಂಟಿಕೊಂಡ ಹೆಸರು. ಬಸ್ಸಿನ ಕಂಬಿ ಮುಟ್ಟಬೇಕಾದರೆ ಇಸ್ಸಿ. ಹೋಟೆಲಿನ ಲೋಟ ಬಾಯಿಗಿಡಬೇಕಾದರೆ ಇಸ್ಸಿ. ಪಕ್ಕದಲ್ಲಿ ಕೂತವರು ಸೀನಿದರೆ ಅವನು ಎದ್ದು ಹೋಗಿ ದೂರದಲ್ಲಿ ನಿಂತುಬಿಡುತ್ತಿದ್ದ, ಸೀಟು ಹೋದರೂ ಚಿಂತೆಯಿಲ್ಲ. ಚಿಕ್ಕಂದಿನಲ್ಲಿ ಅಣ್ಣ ಕಚ್ಚಿ ಕೊಟ್ಟ ಹಣ್ಣನ್ನು ತಿನ್ನಲಾರದೆ, ಬಿಸಾಡಲೂ ಹೆದರಿ, ಜೇಬಿನಲ್ಲಿಟ್ಟುಕೊಂಡು ಕೊಳೆಸಿದವನು ಅವನು. ಕೊಳೆತ ಮೇಲೆ ಆ ಅಂಗಿಯನ್ನೇ ಮತ್ತೆ ಹಾಕಲಿಲ್ಲ.

ಇಂಥವನಿಗೆ ಸಿಕ್ಕಿದ ಕೆಲಸವಾದರೂ ಎಂಥದ್ದು? ಊರವರ ಕೊಳೆ ಬಟ್ಟೆಯ ಕಲೆ ಬಿಡಿಸುವುದು. ಲಾಂಡ್ರಿಯ ಹಿಂಭಾಗದಲ್ಲಿ, ಉಗಿ ತುಂಬಿದ ಉದ್ದನೆಯ ಕೋಣೆಯಲ್ಲಿ, ಸಾಲು ತೊಟ್ಟಿಗಳ ನಡುವೆ ಅವನು ಇಡೀ ದಿನ ನಿಂತಿರುತ್ತಿದ್ದ. ಕಾಲರಿನ ಜಿಡ್ಡು, ಕಂಕುಳಿನ ಹಳದಿ, ದಿಂಬಿನ ಚೀಲದ ಮೇಲಿನ ಜೊಲ್ಲಿನ ಗುರುತು, ಹಾಸಿಗೆಯ ಮೇಲುಹೊದಿಕೆಗಳ ಮೇಲಿನ, ಹೆಸರು ಹೇಳಬಾರದ ಇನ್ನೆಷ್ಟೋ ಗುರುತುಗಳು. ಮನುಷ್ಯರು ಹೊರಗೆ ಎಷ್ಟು ಗರಿಗರಿಯಾಗಿ ಓಡಾಡಿದರೂ ಒಳಗೆ ಎಂಥವರು ಎನ್ನುವುದು ಅವನಿಗೆ ಗೊತ್ತಿತ್ತು. ಆ ತಿಳಿವಳಿಕೆಯಿಂದ ಅವನಿಗೆ ಜನರ ಮೇಲೆ ಕನಿಕರ ಬರಲಿಲ್ಲ, ಇನ್ನಷ್ಟು ಹೇಸಿಗೆಯೇ ಬಂತು.

ಆದರೂ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೇಸಿಗೆಪಡುವವನಷ್ಟು ಚೆನ್ನಾಗಿ ಕೊಳೆಯನ್ನು ಯಾರು ತಾನೇ ಓಡಿಸುತ್ತಾರೆ? ಮೊಣಕೈವರೆಗೆ ರಬ್ಬರ್ ಕೈಗವಸು ಹಾಕಿಕೊಂಡು, ಉದ್ದನೆಯ ಇಕ್ಕಳದಿಂದ ಬಟ್ಟೆ ಎತ್ತಿ, ಮುಖ ಆಚೆ ತಿರುಗಿಸಿಕೊಂಡು ತೊಟ್ಟಿಗೆ ಬಿಡುತ್ತಿದ್ದ. ಕೆಲಸ ಕಲಿಸಿದ ಹಳೆಯ ಮೇಸ್ತ್ರಿ ಅವನಿಗೆ ಒಂದು ಮಾತನ್ನು ತಲೆಗೆ ಮೊಟಕಿ ಮೊಟಕಿ ಹೇಳಿಕೊಟ್ಟಿದ್ದ: “ಒಣ ತೊಟ್ಟಿಗೆ ಯಾವತ್ತೂ ಬಟ್ಟೆ ಹಾಕ್ಬೇಡ ಕಣೋ. ಮೊದಲು ನೀರು ಬಿಡು, ಮದ್ದು ಬೆರೆಸು, ಆಮೇಲೆ ಬಟ್ಟೆ. ಹೊಲಸು ಒಣ ಜಾಗಕ್ಕೆ ಬಿದ್ರೆ ಅಲ್ಲೇ ಕಚ್ಚಿಕೊಳ್ಳುತ್ತೆ.” ಮೇಸ್ತ್ರಿ ಹೋಗಿ ಎಷ್ಟೋ ಕಾಲವಾಗಿತ್ತು. ಇಸ್ಸಪ್ಪ ಆ ಕ್ರಮ ಬಿಟ್ಟಿರಲಿಲ್ಲ. ಮನೆಯ ಕಸದ ಬುಟ್ಟಿಗೂ ಮೊದಲು ಮದ್ದಿನ ನೀರು ಚಿಮುಕಿಸಿಯೇ ಕಸ ಹಾಕುತ್ತಿದ್ದ.

ಅದೇ ಲಾಂಡ್ರಿಯ ಮುಂಭಾಗದಲ್ಲಿ ಕಿತ್ತುಹೋದ ಗುಂಡಿ ಹೊಲಿಯುತ್ತಾ ಕೂರುತ್ತಿದ್ದವಳು ಅವನ ಹೆಂಡತಿ. ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸುತ್ತಿದ್ದಳು. ಮೊದಲ ಸಲ ಅದನ್ನು ನೋಡಿ ಅವನು “ಇಸ್ಸಿ, ಯಾರ ಅಂಗಿಯೋ ಏನೋ, ಬಾಯಿಗೆ ಹಾಕ್ತೀಯಲ್ಲ” ಎಂದಿದ್ದ. ಅವಳು ಅವನ ಮುಖ ನೋಡಿಕೊಂಡೇ ಇನ್ನೊಂದು ದಾರ ಕಚ್ಚಿದ್ದಳು. ಮದುವೆಯಾದದ್ದು ಹಾಗೆ. ಮಕ್ಕಳಾಗಲಿಲ್ಲ. ಅವಳ ತಂಗಿ ಆಗಾಗ ಬಂದು, “ಭಾವನಿಗೆ ಮಕ್ಕಳಾಗದಿದ್ದುದೇ ಒಳ್ಳೇದಾಯ್ತು ಬಿಡೇ ಅಕ್ಕ, ಮಗು ಒದ್ದೆ ಮಾಡ್ಕೊಂಡ್ರೆ ಇಕ್ಕಳದಲ್ಲಿ ಎತ್ತಿ ತೊಟ್ಟಿಗೆ ಹಾಕ್ತಿದ್ರು” ಎಂದು ನಗಿಸುತ್ತಿದ್ದಳು. ಅಕ್ಕ ನಗುತ್ತಿದ್ದಳು. ಇಸ್ಸಪ್ಪನೂ ನಗುತ್ತಿದ್ದ, ಆದರೆ ಆ ಮಾತಿನಲ್ಲಿ ಸುಳ್ಳೇನಿಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು.

ಹೆಂಡತಿಯ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಮುಖ ಊದಿತು, ಬಾಯಿ ಕಹಿಯಾಯಿತು, ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ಕೂರಲೂ ಆಗದಂತಾಯಿತು. ಕೊನೆಗೆ ದೊಡ್ಡ ನಗರದ ದೊಡ್ಡ ಆಸ್ಪತ್ರೆಗೆ ಬಂದರು. ತನ್ನ ಒಂದು ಮೂತ್ರಪಿಂಡ ಕೊಡುತ್ತೇನೆಂದು ಮುಂದೆ ಬಂದವಳು ಅದೇ ಬಾಯಿಬಡುಕಿ ತಂಗಿ.

ಶಸ್ತ್ರಚಿಕಿತ್ಸೆಯ ಮುಂಚಿನ ಸಂಜೆ ಅವಳು ಇಸ್ಸಪ್ಪನನ್ನು ಹತ್ತಿರ ಕರೆದಳು. ನಗು ಇರಲಿಲ್ಲ. “ಭಾವ, ನಾನು ಕೊಡ್ತಿರೋದು ಹಳೇ ಸ್ವೆಟರಲ್ಲ. ವಾಪಸ್ ತಗೊಳ್ಳೋಕಾಗಲ್ಲ, ಹೊಸದು ತರೋಕೂ ಆಗಲ್ಲ. ಅಕ್ಕನ ಹತ್ರ ಒಬ್ಬರೇ ಇರಬೇಕಂತೆ. ನಿಮ್ಮ ಕೈಲಿ ಆಗುತ್ತಾ? ಆಗಲ್ಲ ಅಂದ್ರೆ ಈಗಲೇ ಹೇಳಿ. ಆಸ್ಪತ್ರೆಯವರೇ ಒಬ್ಬ ಆಯಾನ ಕೊಡ್ತಾರೆ.”

ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ಮಂಚದಿಂದ ಹೇಳಿದಳು: “ಬೇರೆಯವರು ಬೇಡ ಕಣೇ. ನನಗೆ ನಾಚಿಕೆ. ಇವರೇ ಇರ್ತಾರೆ. ಇರ್ತೀರಿ ಅಲ್ವೇನ್ರೀ?”

“ಇರ್ತೀನಿ,” ಎಂದ ಇಸ್ಸಪ್ಪ. 

ಆಸ್ಪತ್ರೆಯ ಹೊರಗೆ, ರಸ್ತೆಯ ಆಚೆ, ರೋಗಿಗಳ ಕಡೆಯವರಿಗೆಂದು ಕೊಡುವ ಬಾಡಿಗೆ ಕೋಣೆಗಳಿದ್ದವು. ಅವನಿಗೆ ಸಿಕ್ಕ ಕೋಣೆಯ ಗೋಡೆಯಲ್ಲಿ ಯಾರೋ ತಲೆಯೊರಗಿಸಿ ಒರಗಿಸಿ ಎಣ್ಣೆಯ ಕಪ್ಪು ವೃತ್ತ ಮೂಡಿತ್ತು. ಸ್ನಾನದ ಮನೆಯ ನೀರು ಹೋಗುವ ಜಾಲರಿಗೆ ಯಾರ್ಯಾರದೋ ಕೂದಲು ಸುತ್ತಿಕೊಂಡಿತ್ತು. ಅವನು ಆ ಜಾಲರಿಯ ಮುಂದೆ ನಿಂತು, ಕಣ್ಣಲ್ಲಿ ನೀರು ಬರುವಷ್ಟು ಓಕರಿಸಿ, ಪೇಟೆಗೆ ಹೋಗಿ ಒಂದು ದೊಡ್ಡ ಸೀಸೆ ಫಿನಾಯಿಲು ತಂದ. ಅಲ್ಲಿಂದಾಚೆಗೆ ಆ ಸೀಸೆ ಅವನ ಕೈ ಬಿಡಲಿಲ್ಲ.

ಆಸ್ಪತ್ರೆಯೊಳಗೂ ಅಷ್ಟೇ. ಮುಂದಿನ ದೊಡ್ಡ ಹಾಲಿನಲ್ಲಿ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಲಿಫ್ಟಿನ ಮೂಲೆಯಲ್ಲಿ ಉಗುಳಿನ ಕಲೆ. ಕ್ಯಾಂಟೀನಿನಲ್ಲಿ ಒಂದೇ ಒದ್ದೆ ಬಟ್ಟೆಯಿಂದ ಎಲ್ಲ ಮೇಜುಗಳನ್ನೂ ಒರೆಸುತ್ತಿದ್ದರು. ಒರೆಸಿದ ಮೇಲೆ ಮೇಜು ಮೊದಲಿಗಿಂತ ಜಿಗುಟಾಗುತ್ತಿತ್ತು. ಕಾಯುವವರು ಬೆಂಚುಗಳ ಮೇಲೆ ಬಾಯಿ ತೆರೆದು ಮಲಗಿರುತ್ತಿದ್ದರು. ಒಬ್ಬ ಬರಿಗಾಲು ಚಾಚಿದ್ದ, ಹಿಮ್ಮಡಿಯ ಬಿರುಕಿನಲ್ಲಿ ಕಪ್ಪು ಕೂತಿತ್ತು. ಅದನ್ನೆಲ್ಲ ದಾಟಿ ಹೋಗುವಾಗ ಇಸ್ಸಪ್ಪ ಮೈಯನ್ನು ಹಿಡಿಯಷ್ಟು ಮಾಡಿಕೊಳ್ಳುತ್ತಿದ್ದ.

ಮೂತ್ರಪಿಂಡ ಕಸಿಯಾದವರ ಕೋಣೆ ಮಾತ್ರ ಬೇರೆ ಲೋಕ. ಒಳಗೆ ಹೋಗಬೇಕಾದರೆ ಕೈ ತೊಳೆಯಬೇಕು, ಮುಖಕ್ಕೆ ಮಾಸ್ಕು, ಮೈಗೆ ನೀಲಿ ಗೌನು, ಕಾಲಿಗೆ ಚೀಲ. ಬೇರೆಯವರು ಗೊಣಗುತ್ತಾ ಮಾಡುವುದನ್ನು ಇಸ್ಸಪ್ಪ ಹಬ್ಬದಂತೆ ಮಾಡಿದ. ಉಗುರಿನ ಸಂದು, ಬೆರಳಿನ ನಡು, ಮೊಣಕೈ, ಯಾವುದನ್ನೂ ಬಿಡದೆ ಉಜ್ಜಿದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಿಸ್ಟರಿಗೆ ತುಂಬಾ ಖುಷಿಯಾಯಿತು. ದಪ್ಪ ಕನ್ನಡಕದ, ಗಡಸು ದನಿಯ ಹೆಂಗಸು. “ನೋಡಿ, ಹೀಗೆ ತೊಳೀಬೇಕು ಕೈ!” ಎಂದು ಪಕ್ಕದ ಕೋಣೆಯವರಿಗೆಲ್ಲ ಅವನನ್ನು ತೋರಿಸಿದಳು. “ಈ ಅಣ್ಣನ್ನ ನೋಡಿ ಕಲೀರಿ.”

ಹೆಂಡತಿಗೆ ಹಾಕಿದ್ದ ಮೂತ್ರದ ನಳಿಕೆಯನ್ನು ತೆಗೆದ ದಿನ ಸಿಸ್ಟರು ಒಂದು ಗೆರೆಗಳಿರುವ ಪ್ಲಾಸ್ಟಿಕ್ ಜಗ್ಗನ್ನು ಅವನ ಕೈಗೆ ಕೊಟ್ಟಳು. “ಇನ್ಮೇಲೆ ಅಕ್ಕ ಯಾವಾಗ ಹೋದ್ರೂ ಇದರಲ್ಲೇ. ಯಾವ ಗೆರೆ ತನಕ ಬಂತು ಅಂತ ನನಗೆ ಹೇಳಿ. ಹೊರಗೆ ಎಷ್ಟು ಹೋಗುತ್ತೋ, ಅದನ್ನ ನೋಡ್ಕೊಂಡು ನಾವು ಡ್ರಿಪ್ಪಿನಲ್ಲಿ ಒಳಗೆ ಬಿಡ್ತೀವಿ. ಅಂದಾಜು ಬೇಡ. ಆ ಕಿಡ್ನಿ ಬದುಕಿದೆಯಾ ಇಲ್ವಾ ಅನ್ನೋದು ನಮಗೆ ಇದರಿಂದಲೇ ಗೊತ್ತಾಗೋದು.”

“ಹ್ಞೂಂ” ಎಂದ ಅವನು.

ಮೊದಲ ಸಲ ಆ ಜಗ್ಗನ್ನು ಸ್ನಾನದ ಕೋಣೆಯಿಂದ ಎತ್ತಿದಾಗ ಅದು ಬೆಚ್ಚಗಿತ್ತು. ಎರಡು ಜೊತೆ ಕೈಗವಸು ಹಾಕಿದ್ದರೂ ಬಿಸಿ ತಾಗಿತು. ವಾಸನೆ ಮಾಸ್ಕಿನೊಳಗೆ ಬಂದು ಕೂತಿತು. ಔಷಧಿ, ಕಬ್ಬಿಣ, ಇನ್ನೇನೋ ಕೆಟ್ಟದ್ದು. ಹಲ್ಲು ಕಚ್ಚಿ ಗೆರೆ ನೋಡಿದ, ಸುರಿದ, ಜಗ್ಗು ತೊಳೆದ, ಆಮೇಲೆ ವಾಷ್‌ಬೇಸಿನ್ನಿಗೆ ಬಗ್ಗಿ ಬರೀ ಗಾಳಿಯನ್ನು ಕಕ್ಕಿದ. ಹೊರಗೆ ಹೆಂಡತಿಗೆ ಕೇಳಿಸದಿರಲೆಂದು ನಲ್ಲಿ ತಿರುಗಿಸಿಟ್ಟ.

ಅವಳಿಗೆ ಕೇಳಿಸಿತ್ತು. “ರೀ, ಕಷ್ಟ ಆಗ್ತಿದೆಯಾ?”

“ಏನಿಲ್ಲ. ಕೆಮ್ಮು.”

“ಕೆಮ್ಮು ಅಂತ ಜೋರಾಗಿ ಹೇಳ್ಬೇಡಿ, ಆಮೇಲೆ ಸಿಸ್ಟರು ನಿಮ್ಮನ್ನ ಹೊರಗೆ ಹಾಕ್ತಾರೆ.”

ಅವಳ ಮುಂದೆ ನಾಚಿಕೆಯಾಯಿತು. ಹೆಂಡತಿಯ ಮೈಯಿಂದ ಬಂದದ್ದಕ್ಕೆ ಹೇಸುವವನು ಎಂಥ ಗಂಡ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡರೆ ಹೊಟ್ಟೆ ಕೇಳುತ್ತದೆಯೇ?

ಮುಂದಿನ ಸಲಕ್ಕೆ ಅವನ ಕೈಗೆ ತಾನಾಗಿಯೇ ಲಾಂಡ್ರಿಯ ಕ್ರಮ ಬಂತು. ಅವಳು ಒಳಗೆ ಹೋಗುವ ಮೊದಲೇ ಜಗ್ಗಿಗೆ ಒಂದು ಮುಚ್ಚಳ ಫಿನಾಯಿಲು ಹಾಕಿ, ಮೇಲೆ ಒಂದಿಷ್ಟು ನೀರು ಬಿಟ್ಟ. ನೀರು ಹಾಲಿನಂತೆ ಬೆಳ್ಳಗಾಯಿತು. ಅದೂ ಆಸ್ಪತ್ರೆಯ ಕ್ರಮವೇ ಇರಬೇಕೆಂದು ಅವಳು ಏನೂ ಕೇಳಲಿಲ್ಲ. ಅವಳು ಬಂದ ಮೇಲೆ ನೋಡಿದರೆ ಏನಾಶ್ಚರ್ಯ, ಆ ಕೆಟ್ಟ ವಾಸನೆಯಿಲ್ಲ, ಬಣ್ಣವಿಲ್ಲ, ಬಿಸಿಯೂ ಅಷ್ಟಿಲ್ಲ. ಬರೀ ಬಿಳಿ ನೀರು. ಅದನ್ನು ನೋಡುವುದು ಸುಲಭ. ಗೆರೆ ನೋಡಿ ಸಿಸ್ಟರಿಗೆ ಹೇಳಿದ. “ಚೆನ್ನಾಗಿದೆ! ಚೆನ್ನಾಗಿ ಹೋಗ್ತಿದೆ!” ಎಂದು ಸಿಸ್ಟರು ಮುಖ ಅರಳಿಸಿದಳು.

ತಾನು ಹಾಕಿದ ನೀರೂ ಆ ಗೆರೆಯೊಳಗೆ ಸೇರಿದೆ ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯದಿರುವುದಕ್ಕೆ ಅವನೇನು ದಡ್ಡನಲ್ಲ. ಆದರೆ ಅವನ ತಲೆಯಲ್ಲಿ ಅವೆರಡೂ ಬೇರೆ ಬೇರೆ ಕೆಲಸಗಳಾಗಿದ್ದವು. ಅಳತೆ ಸಿಸ್ಟರದು, ನಾತ ಅವನದು. ಲಾಂಡ್ರಿಯಲ್ಲಿ ತೊಟ್ಟಿಯ ನೀರನ್ನು ಬಟ್ಟೆಯ ಜೊತೆ ಯಾರೂ ತೂಗುವುದಿಲ್ಲ. ಬಟ್ಟೆ ಬರುತ್ತದೆ, ಹೋಗುತ್ತದೆ. ನೀರು ಇದ್ದೇ ಇರುತ್ತದೆ, ಅದರ ಕಡೆ ಯಾರು ಗಮನ ಕೊಡುತ್ತಾರೆ?

ದಿನ ಕಳೆದಂತೆ ಹೇಸಿಗೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ, ಹೆಚ್ಚಿತು. ಒಂದು ಮುಚ್ಚಳ ಎರಡಾಯಿತು. ಒಂದಿಷ್ಟು ನೀರು ಅರ್ಧ ಜಗ್ಗಾಯಿತು. ಅವನು ಯಾರನ್ನೂ ಜಗ್ಗಿನ ಹತ್ತಿರ ಬಿಡುತ್ತಿರಲಿಲ್ಲ. “ನಾನೇ ತೊಳೀತೀನಿ, ನೀವು ಬಿಡಿ” ಎನ್ನುತ್ತಿದ್ದ. ಅದನ್ನೂ ಸಿಸ್ಟರು ಮೆಚ್ಚಿಕೊಂಡಳು. ದಿನವೂ ಗಾಜಿನ ಬಾಗಿಲ ಹೊರಗಿನಿಂದ ಕೈ ಬೀಸಿ ಹೋಗುತ್ತಿದ್ದ ತಂಗಿಗೆ ಅವಳು, “ನಿಮ್ಮ ಭಾವ ಬಂಗಾರ ಕಣಮ್ಮ” ಎಂದಳು. ತಂಗಿ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕಳು. “ಅಯ್ಯೋ ಸಿಸ್ಟರ್, ನಗಿಸ್ಬೇಡಿ, ಹೊಲಿಗೆ ಬಿಡುತ್ತೆ. ಇಸ್ಸಪ್ಪ ಬಂಗಾರನಾ?”

ಆ ಹೊಗಳಿಕೆ ಅವನಿಗೆ ಹಿತವಾಗಲಿಲ್ಲ. ಕೈಗವಸು ಹಾಕಿಕೊಂಡು ಮುಖ ತಿರುಗಿಸಿ ಮಾಡಿದ ಕೆಲಸಕ್ಕೆ ಹಾರ ಹಾಕಿದಂತಿತ್ತು.

ಅಷ್ಟರಲ್ಲಿ ಹೆಂಡತಿಯ ಪಾದ ಊದಲು ಶುರುವಾಯಿತು. ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಬೆಳಿಗ್ಗೆ ತೂಕ ನೋಡಿದರೆ ಏರುತ್ತಲೇ ಇತ್ತು. ಸಿಸ್ಟರು ಹುಬ್ಬು ಗಂಟಿಕ್ಕಿ, “ಇಷ್ಟು ಹೊರಗೆ ಹೋಗ್ತಿರುವಾಗ ತೂಕ ಯಾಕೆ ಏರುತ್ತೆ? ಈ ಮಷೀನಿಗೆ ಏನೋ ಆಗಿದೆ” ಎಂದು ತೂಕದ ಯಂತ್ರವನ್ನೇ ಬದಲಾಯಿಸಿದಳು. ಹೊಸ ಯಂತ್ರವೂ ಅದನ್ನೇ ಹೇಳಿತು. ಎಲ್ಲರೂ ಯಂತ್ರವನ್ನು ಅನುಮಾನಿಸಿದರೇ ಹೊರತು ಇಸ್ಸಪ್ಪನನ್ನು ಯಾರೂ ಅನುಮಾನಿಸಲಿಲ್ಲ. ಅಷ್ಟು ಚೊಕ್ಕಟವಾಗಿ ಕೈ ತೊಳೆಯುವವನ ಮಾತು ತಪ್ಪಾಗುವುದುಂಟೇ? ಅವನು ಹೇಳಿದ ಗೆರೆಯನ್ನು ನಂಬಿ ಡ್ರಿಪ್ಪಿನ ನೀರು ಹನಿ ಹನಿಯಾಗಿ ಅವಳ ಮೈಗೆ ಇಳಿಯುತ್ತಲೇ ಇತ್ತು.

ಒಂದು ಮಧ್ಯಾಹ್ನ ಅವಳಿಗೆ ಮಲಗಿದರೆ ಉಸಿರು ಕಟ್ಟಿದಂತಾಯಿತು. ದಿಂಬಿಗೆ ಒರಗಿ ಕೂತೇ ಇದ್ದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ರಕ್ತದ ಪರೀಕ್ಷೆಯೂ ಕೆಟ್ಟ ಸುದ್ದಿಯನ್ನೇ ತಂದಿತ್ತು. ದೊಡ್ಡ ಡಾಕ್ಟರು ಬಂದು ನೋಡಿ, ಬಾಗಿಲ ಬಳಿ ಸಿಸ್ಟರ ಜೊತೆ ಮೆಲ್ಲಗೆ ಮಾತಾಡಿದರು. ಇಸ್ಸಪ್ಪನ ಕಿವಿ ಅಲ್ಲೇ ಇತ್ತು.

“ನೀರು ಚೆನ್ನಾಗಿ ಹೋಗ್ತಿದೆ, ಅಂದ್ರೆ ದಾರಿ ಕಟ್ಟಿಲ್ಲ. ಮೈಯೇ ಹೊಸ ಕಿಡ್ನಿಯನ್ನ ಬೇಡ ಅಂತಿರಬೇಕು. ಆ ಜೋರಾದ ಮದ್ದು ಶುರು ಮಾಡೋಣ. ತಯಾರು ಮಾಡಿ, ನಾನು ಉಳಿದ ಕೋಣೆ ನೋಡ್ಕೊಂಡು ಬರ್ತೀನಿ. ಸ್ಕ್ಯಾನ್ ನಾಳೆ ಆಗಲಿ.”

“ಆ ಮದ್ದು ತಡ್ಕೊಳ್ತಾರಾ ಸರ್? ತುಂಬಾ ಸೋತಿದ್ದಾರೆ.”

“ಸೋಂಕು ತಗುಲಿದ್ರೆ ಕಷ್ಟವೇ. ಬೇರೆ ದಾರಿ ಇಲ್ಲ.”

ಅವರು ಹೋದ ಮೇಲೆ ಹೆಂಡತಿ ಸ್ನಾನದ ಕೋಣೆಗೆ ಹೋಗಬೇಕೆಂದಳು. ಇಸ್ಸಪ್ಪ ಎಂದಿನಂತೆ ಮುಂಚೆಯೇ ಹೋಗಿ ಜಗ್ಗು ಸಿದ್ಧ ಮಾಡಿಟ್ಟು, ಅವಳನ್ನು ಹಿಡಿದು ಕೂರಿಸಿ ಹೊರಗೆ ನಿಂತ. ಅವಳು ಬಂದಳು. ಮಂಚಕ್ಕೆ ಸೇರಿಸಿದ. ಒಳಗೆ ಹೋಗಿ ಓರೆಗಣ್ಣಿನಿಂದ ಗೆರೆ ನೋಡಿ, ಸುರಿಯುವ ಮೊದಲೇ ಬಾಗಿಲಿಗೆ ಬಂದು ಹೊರಗಿದ್ದ ಸಿಸ್ಟರಿಗೆ ಕೂಗಿ ಹೇಳಿದ. ಅವಳು ತಲೆಯಾಡಿಸಿ ಹೋದಳು.

“ರೀ, ಏನು ಹೇಳಿದ್ರಿ ಅವರಿಗೆ?” ಎಂದಳು ಹೆಂಡತಿ, ಏದುಸಿರಿನ ನಡುವೆ.

“ಬಂದಷ್ಟು ಹೇಳಿದೆ.”

“ಬರಲೇ ಇಲ್ವಲ್ರೀ. ಸುಮ್ನೆ ಕೂತು ಎದ್ದು ಬಂದೆ. ಒಂದು ಹನಿಯೂ ಬರಲಿಲ್ಲ.”

ಇಸ್ಸಪ್ಪ ಒಳಗೆ ಹೋಗಿ ನೋಡಿದ. ಜಗ್ಗು ಇಟ್ಟಲ್ಲೇ ಇತ್ತು. ಬೆಳ್ಳಗೆ, ತಣ್ಣಗೆ, ಅರ್ಧದ ಗೆರೆಯವರೆಗೆ. ಅಷ್ಟೂ ಅವನದೇ ನೀರು.

ಇಷ್ಟು ದಿನ ಹೇಳಿದ ಒಂದೊಂದು ಗೆರೆಯೂ ಮನಸ್ಸಿಗೆ ಬಂದು ಕಪಾಳಕ್ಕೆ ಹೊಡೆಯಿತು. ಅವನು ಜಗ್ಗಿಗೆ ಹಾಕಿದ ಫಿನಾಯಿಲಿನ ನೀರಿನಷ್ಟೇ ನೀರು ಅವಳ ಮೈಯೊಳಗೆ ಹೋಗಿ ಕೂತಿತ್ತು. ಪಾದದಲ್ಲಿ, ಮುಖದಲ್ಲಿ, ಈಗ ಎದೆಯಲ್ಲಿ. ಅವನೇ ಅವಳನ್ನು ನೆನೆಹಾಕಿದ್ದ.

ವಾಷ್‌ಬೇಸಿನ್ನಿನ ಅಂಚು ಹಿಡಿದು ನಿಂತ. ಮೊದಲು ಬಂದ ಯೋಚನೆ ಒಳ್ಳೆಯದಾಗಿರಲಿಲ್ಲ. ಇನ್ನು ಮುಂದೆ ಬರೀ ಜಗ್ಗು ಇಟ್ಟರಾಯಿತು. ಈಗ ಕಡಿಮೆಯಾಗಿದೆ ಎಂದರಾಯಿತು. ಯಾರಿಗೆ ಗೊತ್ತಾಗುತ್ತದೆ? ಸಿಸ್ಟರು ಡ್ರಿಪ್ಪು ತಗ್ಗಿಸುತ್ತಾಳೆ, ಊತ ಇಳಿಯುತ್ತದೆ, ತನ್ನ ಮಾನವೂ ಉಳಿಯುತ್ತದೆ. ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಎಷ್ಟೋ ಮನೆಗಳ ಹಾಸಿಗೆಯ ಹೊಲಸು ನೋಡಿದ್ದ. ಇಂಥದ್ದನ್ನು ನೋಡಿರಲಿಲ್ಲ. ಹೊರಗೆ ಮದ್ದಿನ ತಳ್ಳುಗಾಡಿಯ ಗಾಲಿಗಳ ಸದ್ದು ಕೇಳಿಸಿತು. ಆ ಜೋರಾದ ಮದ್ದು ಬರುತ್ತಿತ್ತು.

ಅವನು ಜಗ್ಗನ್ನು ಹಾಗೇ ಎತ್ತಿಕೊಂಡು ಹೊರಗೆ ಬಂದ. ಕೈಗವಸು ಹಾಕಲು ಮರೆತಿದ್ದ. ದೊಡ್ಡ ಡಾಕ್ಟರು, ಸಿಸ್ಟರು, ಇನ್ನಿಬ್ಬರು ಚಿಕ್ಕ ಡಾಕ್ಟರುಗಳು ಮಂಚದ ಸುತ್ತ ನಿಂತಿದ್ದರು.

“ಸಾರ್, ಅದನ್ನ ಕೊಡ್ಬೇಡಿ,” ಎಂದ. ಯಾರೂ ತಿರುಗಿ ನೋಡಲಿಲ್ಲ. ಮತ್ತೆ ಹೇಳಿದ. “ಕೊಡ್ಬೇಡಿ ಸಾರ್. ನೀರು ಹೋಗ್ತಾ ಇಲ್ಲ.”

“ಏನು?”

“ಇದು ಅವಳದಲ್ಲ. ನಾನು ಹಾಕಿದ್ದು. ಫಿನಾಯಿಲು. ಮುಂಚೆನೇ ಹಾಕಿಡ್ತಿದ್ದೆ.”

ಡಾಕ್ಟರಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. “ಯಾಕೆ?”

“ನಾತಕ್ಕೆ ಸಾರ್. ನನಗೆ ತಡ್ಕೊಳ್ಳೋಕಾಗ್ತಿರಲಿಲ್ಲ.”

“ಎಷ್ಟು ಹಾಕ್ತಿದ್ರಿ?”

“ಮೊದಲು ಒಂದು ಮುಚ್ಚಳ. ಆಮೇಲೆ...” ಅವನು ಜಗ್ಗು ಮುಂದೆ ಚಾಚಿದ. “ಈಗ ಇಷ್ಟು.”

“ಎಷ್ಟು ದಿನದಿಂದ?”

“ನಳಿಕೆ ತೆಗೆದಾಗಿನಿಂದ.”

ದೊಡ್ಡ ಡಾಕ್ಟರು ಆ ಬಿಳಿ ನೀರನ್ನು ನೋಡಿದರು, ಆಮೇಲೆ ಅವನ ಮುಖ ನೋಡಿದರು. ಮಾಸ್ಕಿನ ಮೇಲೆ ಅವರ ಮೂಗಿನ ಬುಡ ಸುಕ್ಕಾಯಿತು, ಕಣ್ಣು ಕಿರಿದಾಯಿತು. ಇಸ್ಸಪ್ಪನಿಗೆ ಆ ಮುಖ ಚೆನ್ನಾಗಿ ಗೊತ್ತಿತ್ತು. ಜೀವಮಾನವೆಲ್ಲ ಅವನೇ ಲೋಕದ ಕಡೆ ತಿರುಗಿಸಿದ್ದ ಮುಖ ಅದು. ಇನ್ನೊಬ್ಬರು ಅದನ್ನು ತನ್ನತ್ತ ತಿರುಗಿಸಿದರೆ ಹೇಗಿರುತ್ತದೆಂದು ಈಗ ತಿಳಿಯಿತು.

“ಮೊದಲು ಡ್ರಿಪ್ ನಿಲ್ಸಿ,” ಎಂದರು ಅವರು ಸಿಸ್ಟರಿಗೆ. “ಆ ಮದ್ದು ವಾಪಸ್ಸು ತಗೊಂಡು ಹೋಗಿ. ಸ್ಕ್ಯಾನ್ ಈಗಲೇ ಆಗ್ಬೇಕು, ನಾಳೆ ಅಲ್ಲ.” ಅವನಿಗೆ ಒಂದು ಮಾತೂ ಹೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಬೈದವಳು ಸಿಸ್ಟರು. ಮಂಚವನ್ನು ತಳ್ಳಿಕೊಂಡು ಹೋದ ಮೇಲೆ, ಕಾರಿಡಾರಿನಲ್ಲಿ, ಹೋಗಿ ಬರುವವರೆಲ್ಲ ನೋಡುವಂತೆ ಬೈದಳು. “ಎಲ್ಲರ ಮುಂದೆ ನಿಮ್ಮನ್ನ ತಲೆ ಮೇಲೆ ಕೂರಿಸ್ಕೊಂಡು ಮೆರೆಸಿದೆನಲ್ಲ, ನನಗೆ ಬುದ್ಧಿ ಇಲ್ಲ! ಆಗಲ್ಲ ಅಂತ ಒಂದು ಮಾತು ಹೇಳಿದ್ರೆ ನಾನೇ ನೋಡ್ತಿರಲಿಲ್ವಾ? ಬಾಯಿಗೆ ಏನಾಗಿತ್ತು?” ಇಸ್ಸಪ್ಪ ತಲೆ ತಗ್ಗಿಸಿ ಕೇಳಿದ. ಅವಳ ಕಣ್ಣಲ್ಲಿ ನೀರಿದ್ದುದನ್ನು ನೋಡಿ ಇನ್ನೂ ತಗ್ಗಿಸಿದ.

ಹೊಸ ಮೂತ್ರಪಿಂಡವನ್ನು ಮೈ ಬೇಡವೆಂದಿರಲಿಲ್ಲ. ಅದರಿಂದ ಕೆಳಗಿಳಿಯುವ ನಾಳ, ಜೋಡಿಸಿದ ಜಾಗದಲ್ಲಿ ಹೆಪ್ಪುಗಟ್ಟಿದ ರಕ್ತದ ಗರಣೆಯಿಂದ ಕಟ್ಟಿಕೊಂಡಿತ್ತು. ಮೂತ್ರಪಿಂಡ ಪಾಪ ತನ್ನ ಕೆಲಸ ಮಾಡುತ್ತಲೇ ಇತ್ತು. ಮಾಡಿದ್ದು ಹೊರಗೆ ಬರಲು ದಾರಿಯಿಲ್ಲದೆ ಒಳಗೇ ಉಬ್ಬಿಕೊಂಡಿತ್ತು. ಇನ್ನೂ ಒಂದೆರಡು ದಿನ ಹೀಗೇ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದು ಚಿಕ್ಕ ಡಾಕ್ಟರೊಬ್ಬರು ಹೇಳಿದರು. ಗರಣೆ ತೆಗೆದು ಒಂದು ತೆಳುವಾದ ನಳಿಕೆಯನ್ನು ನಾಳದೊಳಗೆ ಕೂರಿಸಿದ್ದರು. ದಾರಿ ಬಿಟ್ಟಿದೆಯೇ ಎನ್ನುವುದು ಇನ್ನು ಅವಳು ಮೂತ್ರ ಮಾಡಿದಾಗಲೇ ತಿಳಿಯಬೇಕು.

ಸುದ್ದಿ ಕೇಳಿ ತಂಗಿ ಗಾಜಿನ ಬಾಗಿಲಿಗೆ ಬಂದಳು. ಒಳಗೆ ಬಿಡುವಂತಿರಲಿಲ್ಲ. ಗಾಜಿನ ಆಚೆಯಿಂದ ಇಸ್ಸಪ್ಪನನ್ನು ನೋಡಿದಳು. ತಮಾಷೆಯ ಮಾತೊಂದೂ ಬರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮುಖ ತಿರುಗಿಸಿಕೊಂಡು ಹೊರಟು ಹೋದಳು.

ಹೆಂಡತಿಗೆ ಎಲ್ಲವನ್ನೂ ಅವನೇ ಹೇಳಬೇಕಾಯಿತು. ಅವಳು ಕೋಣೆಗೆ ಮರಳಿ, ಉಸಿರು ಒಂದಿಷ್ಟು ಸರಾಗವಾಗಿ, ದಿಂಬಿಗೆ ಒರಗಿದ್ದಳು. ಅವನು ಹೇಳಿ ಮುಗಿಸುವವರೆಗೆ ಸುಮ್ಮನೆ ಕೇಳಿದಳು.

“ಮುಖ ತೊಳ್ಕೊಂಡು ಬನ್ನಿ, ಅಳ್ಬೇಡಿ,” ಎಂದಳು ಆಮೇಲೆ. ಅವನಿಗೆ ಸ್ವಲ್ಪ ಧೈರ್ಯ ಬಂತು. ಆದರೆ ಅವಳ ಮಾತು ಮುಗಿದಿರಲಿಲ್ಲ. “ನನ್ನ ತಂಗಿ ಹೊಟ್ಟೆ ಕೊಯ್ಸಿಕೊಂಡು ಕೊಟ್ಟಿದ್ದನ್ನ ನೀವು ಮೂಗು ಮುಚ್ಕೊಂಡು ಚೆಲ್ಲಿಬಿಡ್ತಿದ್ರಿ. ನಾನು ಏನು ಅಂದ್ಕೊಂಡಿದ್ದೆ ಗೊತ್ತಾ? ನನಗೋಸ್ಕರ ಇವರು ಹೇಸಿಗೆಯನ್ನೂ ಬಿಟ್ರಲ್ಲ ಅಂತ. ನಿಮ್ಮನ್ನ ನೋಡಿದ್ರೆ ನನಗೇ ಈಗ ಹೇಸಿಗೆ ಆಗುತ್ತೆ.”

ಅವನು ಗೌನಿನ ತೋಳಿನಿಂದ ಕಣ್ಣೊರೆಸಿಕೊಂಡ.

ಸಿಸ್ಟರು ಬಾಗಿಲಲ್ಲಿ ನಿಂತಿದ್ದಳು. “ಆಯಾನ ಕರೆಸ್ಲಾ ಅಕ್ಕ? ಇವರು ಹೊರಗೆ ಇರ್ಲಿ.”

ಹೆಂಡತಿ ತಲೆಯಲ್ಲಾಡಿಸಿದಳು. “ಬೇಡ. ಇವರೇ ಮಾಡ್ಲಿ. ಆದ್ರೆ ಅಳತೆ ಒಳಗೆ ಅಲ್ಲ. ಇಲ್ಲಿ ನನ್ನ ಕಣ್ಣೆದುರಿಗೆ ಮಾಡ್ಲಿ. ನೀವೂ ನೋಡಿ.”

ಸಿಸ್ಟರು ಆ ಫಿನಾಯಿಲಿನ ಸೀಸೆಯನ್ನು ಎತ್ತಿಕೊಂಡು ಹೋದಳು. ಒಂದು ಹೊಸ ಜಗ್ಗು ತಂದುಕೊಟ್ಟಳು. ಇಸ್ಸಪ್ಪ ಅದನ್ನು ಬಟ್ಟೆಯಿಂದ ಒರೆಸಿದ, ಮತ್ತೆ ಒರೆಸಿದ, ಬೆಳಕಿಗೆ ಹಿಡಿದು ಒಳಗೆ ಹನಿ ನೀರೂ ಇಲ್ಲವೆಂದು ಇಬ್ಬರಿಗೂ ತೋರಿಸಿದ.

ತುಂಬಾ ಹೊತ್ತು ಏನೂ ಆಗಲಿಲ್ಲ. ಅವಳು ಕೂತಳು, ಎದ್ದಳು. “ಇಲ್ಲ” ಎಂದಳು. ಸಿಸ್ಟರು ಗಡಿಯಾರ ನೋಡಿಕೊಂಡು ಹೋದಳು. ಇಸ್ಸಪ್ಪ ಖಾಲಿ ಜಗ್ಗು ಹಿಡಿದು ಗೋಡೆಗೆ ಒರಗಿ ನಿಂತ. ಇಷ್ಟು ದಿನ ಯಾವುದು ಬಾರದಿದ್ದರೆ ಸಾಕಪ್ಪ ಎಂದುಕೊಳ್ಳುತ್ತಿದ್ದನೋ ಅದೇ ಒಂದಿಷ್ಟು ಬರಲಿ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದ. ತಾನು ಏನನ್ನು ಬೇಡುತ್ತಿದ್ದೇನೆಂದು ಹೊಳೆದಾಗ ಹೊಟ್ಟೆ ಮತ್ತೆ ತೊಳಸಿತು. ಬೇಡುವುದನ್ನು ಮಾತ್ರ ಬಿಡಲಿಲ್ಲ.

ಅವಳು ಜಗ್ಗು ತೆಗೆದುಕೊಂಡು ಮತ್ತೆ ಒಳಗೆ ಹೋಗಿ ತುಂಬಾ ಹೊತ್ತು ಕೂತಳು. ಆಮೇಲೆ ಬಾಗಿಲ ಸಂದಿನಿಂದ ಸದ್ದು ಕೇಳಿಸಿತು. ಮೊದಲು ತಡೆತಡೆದು, ಆಮೇಲೆ ಒಂದೇ ಸಮನೆ.

ಅವಳನ್ನು ಮಂಚಕ್ಕೆ ಸೇರಿಸಿ, ಸಿಸ್ಟರನ್ನು ಕೂಗಿ ಕರೆದು, ಜಗ್ಗನ್ನು ಮಂಚದ ಬಳಿಗೆ ತಂದು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. ಬೆಚ್ಚಗಿತ್ತು. ನಾತ ಮೂಗಿನೊಳಗೆ ನುಗ್ಗಿ ಗಂಟಲಿಗೆ ಇಳಿಯಿತು. ಕಣ್ಣು ಮುಚ್ಚಿಕೊಂಡ.

“ಕಣ್ಣು ಬಿಡಿ,” ಎಂದಳು ಹೆಂಡತಿ.

ಬಿಟ್ಟ.

“ಎಷ್ಟು?”

ಗೆರೆ ಹೇಳಿದ.

“ಬಣ್ಣ?” ಎಂದಳು ಸಿಸ್ಟರು.

“ತೆಳು ಚಹಾದ ಬಣ್ಣ. ತಳದಲ್ಲಿ ಕೆಂಪು ನೂಲಿನ ಥರ ಏನೋ ಇದೆ. ಎಳೆ ಎಳೆಯಾಗಿ.” ಅಷ್ಟು ಹೇಳುವಷ್ಟರಲ್ಲಿ ಅವನ ಬಾಯೆಲ್ಲ ನೀರಾಯಿತು.

ಸಿಸ್ಟರು ಜಗ್ಗನ್ನು ಅವನ ಕೈಯಿಂದ ತೆಗೆದುಕೊಂಡು, ತಾನೇ ಕಣ್ಣಿನ ಮಟ್ಟಕ್ಕೆ ಹಿಡಿದು ಮತ್ತೊಮ್ಮೆ ನೋಡಿದಳು. ಅವನ ಮಾತನ್ನು ಅವಳು ಇನ್ನು ನಂಬುವುದಿಲ್ಲ, ನಾಳೆಯೂ ನೋಡುತ್ತಾಳೆ, ನಾಡಿದ್ದೂ ನೋಡುತ್ತಾಳೆ. ಅದು ಸರಿಯೆಂದೇ ಅವನಿಗೆ ಅನ್ನಿಸಿತು. “ಸರಿ ಇದೆ,” ಎಂದು ಜಗ್ಗು ವಾಪಸು ಕೊಟ್ಟಳು. “ಕೆಂಪು ಎಳೆ ಇವತ್ತು ಇರುತ್ತೆ, ಹೆದರ್ಬೇಡಿ. ದಾರಿ ಬಿಟ್ಟಿದೆ.” ದೊಡ್ಡ ಡಾಕ್ಟರಿಗೆ ತಿಳಿಸಲು ಅವಳು ಅವಸರವಾಗಿ ಹೊರಟಳು. ಬಾಗಿಲಾಚೆ ಅವಳ ನಡಿಗೆ ಓಟವಾದದ್ದು ಕೇಳಿಸಿತು.

ಇಸ್ಸಪ್ಪ ಜಗ್ಗನ್ನು ಒಳಗೆ ಒಯ್ದು ಸುರಿದು, ಬೇಸಿನ್ನಿಗೆ ಬಗ್ಗಿ ಮನಸಾರೆ ವಾಂತಿ ಮಾಡಿಕೊಂಡ. ಈ ಸಲ ನಲ್ಲಿ ತಿರುಗಿಸಲಿಲ್ಲ.

“ಆಯ್ತೇನ್ರೀ?” ಎಂದು ಹೆಂಡತಿ ಹೊರಗಿನಿಂದ ಕೂಗಿದಳು. ದನಿಯಲ್ಲಿ ಸಿಟ್ಟು ಹಾಗೇ ಇತ್ತು. “ಬೇಗ ತೊಳೆದು ಒರೆಸ್ಕೊಂಡು ತನ್ನಿ ಅದನ್ನ. ಮತ್ತೆ ಬರ್ತಾ ಇದೆ.”